ಏಳದ ಗುಂಡುಗಳು

ಅತ್ತೆ, ನನಗೆ ಗೊತ್ತಿತ್ತು. ಆ ನಳಿಗೆಯಲ್ಲಿ ಊದಬಾರದು, ಉಸಿರನ್ನು ಒಳಕ್ಕೆ ಎಳೆದುಕೊಳ್ಳಬೇಕು ಎಂಬುದು ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮೂರು ವಾರ ನಿಮ್ಮಿಂದ ಊದಿಸಿದೆ.

ಹನ್ನೊಂದು ವರ್ಷ ಬಾಯಿ ಬಿಟ್ಟಿಲ್ಲ. ನಿಮ್ಮ ಮೇಲೆ ಪ್ರೀತಿ ಹುಟ್ಟಿ ಈಗ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮ್ಮನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ನಿಮ್ಮ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಆಪರೇಷನ್ ಆಗಬೇಕು ಎಂದ ಡಾಕ್ಟರು ತಯಾರಾಗಲು ಮೂರು ವಾರ ಕೊಟ್ಟರು. ದಿನಾ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯ ನಳಿಗೆ ಬಾಯಿಗಿಟ್ಟು ಉಸಿರು ಎಳೆದು ಗುಂಡು ಏಳಿಸಬೇಕು. ಮೊದಲೇ ಎದೆ ಗಟ್ಟಿಯಾದರೆ ಆಮೇಲೆ ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ನರ್ಸಮ್ಮ ಹೇಳಿಕೊಟ್ಟದ್ದು ನನಗೆ. ದಿನಾ ಎಷ್ಟು ಗುಂಡು ಎದ್ದವು ಎಂದು ಚಾರ್ಟು ಬರೆಯಬಲ್ಲವಳು ಮನೆಯಲ್ಲಿ ನಾನೊಬ್ಬಳೇ ತಾನೆ — ಪಿಯುಸಿ ಪಾಸಾದವಳು, ನಿಮ್ಮ ಬಾಯಲ್ಲಿ ಸದಾ ‘ಓದಿರೋಳು’.

ದೊಡ್ಡಆಲಹಳ್ಳಿಗೆ ಮರಳಿದ ಸಂಜೆ ಜಗಲಿಯ ಮೇಲೆ ಕೂತು ಡಬ್ಬಿ ತೆಗೆದುಕೊಂಡವರೇ ಊದಿದಿರಿ. ಜೀವಮಾನವೆಲ್ಲ ಒಲೆ ಮುಂದೆ ಊದುಗೊಳವೆ ಹಿಡಿದವರಿಗೆ ಕೊಳವೆ ಕಂಡರೆ ಊದುವುದೇ ಗೊತ್ತು. ಗುಂಡು ಅಲ್ಲಾಡಲಿಲ್ಲ. ಎಳ್ಕೊಳ್ಳಿ ಅತ್ತೆ — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದದ್ದು ಬೇರೆ.

“ಒಸಿ ಜೋರಾಗಿ ಊದಿ ಅತ್ತೆ.”

ನನ್ನ ಅಂಗನವಾಡಿ ಕೆಲಸದ ಆರ್ಡರನ್ನು ಒಲೆಗೆ ತುರುಕಿ ನೀವು ಊದಿದ ಆ ದಿನ ಕಣ್ಣ ಮುಂದೆ ಬಂದಿತ್ತು... ಇರಲಿ. ನೀವು ಸುಟ್ಟದ್ದು ಒಂದು ಕಾಗದ.

ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ದಿನಾ ಊದಿದಿರಿ. “ನನ್ ಎದೇಲಿ ಇನ್ನೇನೂ ಉಳ್ದಿಲ್ಲ ಕಣೆ” ಎಂದು ಡಬ್ಬಿ ಕೆಳಗಿಡುವಾಗ ನನಗೆ ಖುಷಿಯಾಗುತ್ತಿತ್ತು. ಹೌದು, ಖುಷಿ. “ಏನ್ ಬರ್ಕಂಡೆ?” ಎಂದು ಕೇಳಿದರೆ, ಗುಂಡು ಏಳಲಿಲ್ಲ ಅಂತ ಬರೆದೆ ಎನ್ನುತ್ತಿದ್ದೆ. ಬರೆದದ್ದು ಮೊದಲು ಒಂದು, ಆಮೇಲೆ ಎರಡು, ಕೊನೆಗೆ ಮೂರೂ ಎದ್ದವು ಎಂದು. ಡಾಕ್ಟರು ಅದನ್ನು ನೋಡಿ ಸರಿ ಎಂದು ತಲೆಯಾಡಿಸಿದರು.

ಆಪರೇಷನ್ ಆದ ಮೇಲೆ ಕಫ ಕಟ್ಟಿತು, ನ್ಯುಮೋನಿಯಾ ಆಯಿತು. ಪಕ್ಕದ ಮಂಚದವರು ನಡೆದುಕೊಂಡು ಮನೆಗೆ ಹೋದರು. ನೀವು ಆಕ್ಸಿಜನ್ ಮೇಲೇ ಉಳಿದಿರಿ. ನನ್ನಿಂದಲೇ ಹಾಗಾಯಿತೋ, ಹೇಗಿದ್ದರೂ ಆಗುತ್ತಿತ್ತೋ — ಡಾಕ್ಟರನ್ನು ಕೇಳುವ ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ಅದೇ ಡಬ್ಬಿ ಕೊಟ್ಟಾಗ ನೀವು ಮತ್ತೆ ಊದಿದಿರಿ. ನರ್ಸಮ್ಮ ನನ್ನತ್ತ ತಿರುಗಿ, “ಎಳ್ಕೊಳೋದು ಅಂತ ಹೇಳಿರ್ಲಿಲ್ವಾ?” ಎಂದು ರೇಗಿದರು. ನಾನು ಬಾಯಿ ತೆರೆಯುವ ಮೊದಲೇ ನೀವು ಏದುಸಿರು ಬಿಡುತ್ತ ಅಂದಿರಿ: “ಅವ್ಳನ್ನ ಬೈಬ್ಯಾಡ ಕಣವ್ವ. ಓದಿರೋಳಾದ್ರೂ ಅವ್ಳಿಗೂ ತಿಳೀನಿಲ್ಲ.”

ನನಗೆ ಕೋಪ ಬಂತು, ನಿಮ್ಮ ಮೇಲೇ. ನಿಮ್ಮ ಕರುಣೆ ಯಾರಿಗೆ ಬೇಕಿತ್ತು? ಆದರೂ ಅದರ ಮರೆಯಲ್ಲಿ ಇಷ್ಟು ವರ್ಷ ಕೂತೆ.

ಈಗಲೂ ಜಗಲಿಯ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತೀರಿ. ಬಂದವರ ಮುಂದೆಲ್ಲ, “ನನ್ ಸೊಸೆ ಮೂರ್ ವಾರ ಪಕ್ದಲ್ಲೇ ಕುಂತಿದ್ಲು, ಅದ್ಕೇ ಬದುಕ್ದೆ” ಎನ್ನುತ್ತೀರಿ. ನಿನ್ನೆಯೂ ಅಂದಿರಿ. ನನಗೆ ಅದನ್ನು ಇನ್ನು ಕೇಳಲಾಗದು.

ನಾಳೆ ತಿಂಡಿಯಾದ ಮೇಲೆ ನಿಮ್ಮೆದುರು ಕೂತು ಇದನ್ನು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮಗೆ ಅಕ್ಷರ ಬಾರದು. ನಾನು ಏನು ಓದಿದರೂ ನಂಬುತ್ತೀರಿ. ಈ ಸಲ ಬರೆದದ್ದನ್ನೇ ಓದುತ್ತೇನೆ.