ಕರಿ ಪರದೆಗೆ ಹೇಳಿ ಬಂದದ್ದು

ಯಂತ್ರಕ್ಕೂ ಮಾತು ತಿಳಿಯುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಟ್ರ್ಯಾಕ್ಟರಿಗೆ ಕುಂಕುಮ ಹಚ್ಚುವಾಗ ನಾನೂ ಕೈ ಮುಗಿದಿದ್ದೇನೆ, ಆದರೆ ಅದು ಮನೆಯವರ ಸಮಾಧಾನಕ್ಕೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂದೇನಿಲ್ಲ.

ಕೆಲವು ವರ್ಷಗಳ ಹಿಂದೆ ಇಳಕಲ್ಲಿನ ನಮ್ಮ ಮನೆಗೆ ಮರೋಳದಿಂದ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಬಂದಿದ್ದಳು. ಮರುದಿನ ಬಾಗಲಕೋಟೆಯಲ್ಲಿ ಅವಳ ಗಂಟಲಿಗೆ ಆಪರೇಷನ್. ದನಿ ಉಳಿಯುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ಮುಂದಿನ ವಾರವೇ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಆಗ ನಮ್ಮ ಮನೆತನದವರು ಹಾಡುವ ಹಾಡು ಪೂರ್ತಿ ಬರುತ್ತಿದ್ದದ್ದು ಚಿಗವ್ವನೊಬ್ಬಳಿಗೆ. ಫೋನಿನಲ್ಲಿ ಹಿಡಿದಿಡೋಣವೆಂದರೆ ಒಪ್ಪಲಿಲ್ಲ. "ನಾ ಸತ್ತಮ್ಯಾಲ ನನ್ನ ದನಿ ಕೇಳಿ ಕೂಸು ಅಂಜತೈತಿ. ನೀ ಬರಕೊ," ಎಂದಳು.

ನನ್ನ ಕೈಬರಹವನ್ನು ಮರುದಿನ ನಾನೇ ಓದಲಾರೆ. ಹೀಗಾಗಿ ಅಣ್ಣನ ಮಗಳು ಸವಿತಾ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಅದರಲ್ಲಿ ಚಿತ್ರವಿಲ್ಲ, ಮೌಸಿಲ್ಲ. ಕರಿ ಪರದೆ, ಮೇಲೆ ಬರೀ ಅಕ್ಷರ. ವಿರಕ್ತ ಯಂತ್ರವೆಂದು ನನಗೆ ಅದರ ಮೇಲೆ ಗೌರವ. ಒಳಗೆ ಹೋಗುವುದು ಸುಲಭ, ಹೊರಬರಲು ಮಂತ್ರ ಬೇಕು: ಎಸ್ಕೇಪ್ ಒತ್ತಿ, ಎರಡು ಚುಕ್ಕಿ ಇಟ್ಟು, ಇಂಗ್ಲಿಷಿನ ಡಬ್ಲ್ಯೂ, ಕ್ಯೂ. ಮೊದಲನೆಯದು ಬರೆದದ್ದನ್ನು ಉಳಿಸಲು, ಎರಡನೆಯದು ಹೊರಡಲು.

ಮಧ್ಯಾಹ್ನ ಚಿಗವ್ವ ಹಾಡಿದಳು, ನಾನು ಒತ್ತುತ್ತಾ ಹೋದೆ. ಮುಗಿಯುವಷ್ಟರಲ್ಲಿ ಅವಳ ಗಂಟಲು ಕಟ್ಟಿತ್ತು. ಇನ್ನೊಮ್ಮೆ ಹಾಡು ಎನ್ನುವ ಹಾಗಿರಲಿಲ್ಲ. ನಾನು ಮಡಿಯಲ್ಲಿರುವವನಂತೆ ನೆಟ್ಟಗೆ ಕೂತು ಮಂತ್ರ ಹಾಕಿದೆ. ಕೆಳಗೆ ಮೂಡಿದ್ದು 'ಡಟ'. ಕೀಲಿಮಣೆ ಇನ್ನೂ ಕನ್ನಡದಲ್ಲೇ ಇತ್ತು. ಅಲ್ಲಿ ಡಬ್ಲ್ಯೂ ಒತ್ತಿದರೆ ಡ, ಕ್ಯೂ ಒತ್ತಿದರೆ ಟ. ಅಂಥ ಆಜ್ಞೆಯೇ ಇಲ್ಲ ಎಂದಿತು ಯಂತ್ರ. ಇಂಗ್ಲಿಷಿಗೆ ತಿರುಗಿಸುವುದು ಹೇಗೆಂದು ಎಷ್ಟು ನೆನೆದರೂ ಹೊಳೆಯಲಿಲ್ಲ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು, ಬ್ಯಾಟರಿಯ ಕೆಂಪು ದೀಪ ಮಿಣುಕತೊಡಗಿತು. ಸವಿತಾ ಫೋನ್ ಎತ್ತಲಿಲ್ಲ. ಡಟ, ಡಟ, ಡಟ.

ಏನು ಮಾಡುತ್ತಿದ್ದೀಯೆಂದು ಚಿಗವ್ವ ಕೇಳಿದಳು. "ಹೋಗಬೇಕಂದ್ರ ಇದು ಬಿಡವಲ್ದು ಚಿಗವ್ವ," ಎಂದೆ.

"ಹೋಗ್ತೇನಿ ಅಂದ್ರ ಯಾರು ಬಿಡ್ತಾರ? ಬರ್ತೇನಿ ಅನಬೇಕು."

ಹಾಗೆಂದವಳೇ ಪರದೆಯತ್ತ ಬಗ್ಗಿ, ನೆರೆಮನೆಯವಳಿಗೆ ಹೇಳುವ ಹಾಗೆ, "ಬರ್ತೇವಿ ಯವ್ವಾ, ಹಾಡು ಜ್ವಾಕಿ," ಎಂದಳು. ಪರದೆ ಆರಿತು.

ಬ್ಯಾಟರಿ ಮುಗಿಯಿತು, ಹಾಡೂ ಹೋಯಿತು ಎಂದುಕೊಂಡೆ. ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಆಪರೇಷನ್ ಆಯಿತು. ಚಿಗವ್ವ ಉಳಿದಳು; ದನಿ ಮಾತ್ರ ಪಿಸುಮಾತಿನಷ್ಟೇ ಉಳಿಯಿತು.

ತೊಟ್ಟಿಲ ದಿನ ಸವಿತಾ ಬಂದು ಲ್ಯಾಪ್‌ಟಾಪ್ ತೆರೆದಳು. ಹಾಡು ಪೂರ್ತಿ ಇತ್ತು. ಅವಳು ಪರದೆ ನೋಡುತ್ತ ಹಾಡಿದಳು, ಚಿಗವ್ವನ ತುಟಿಗಳು ಜೊತೆಗೇ ಆಡಿದವು. ಆಮೇಲೆ ನಡೆದದ್ದನ್ನೆಲ್ಲ ಹೇಳಿ, ಉಳಿಸದಿದ್ದರೂ ಯಂತ್ರ ತಾನೇ ಒಂದು ಗುಪ್ತ ಪ್ರತಿ ಇಟ್ಟುಕೊಳ್ಳುತ್ತದಂತಲ್ಲ, ಅದೇ ಇರಬೇಕು ಎಂದೆ.

ಸವಿತಾ ಬಹಳ ಹೊತ್ತು ಹುಡುಕಿದಳು. "ಇಲ್ಲ ಕಾಕಾ. ಅರ್ಧಕ್ಕ ನಿಂತಿದ್ರ ಆ ಪ್ರತಿ ಇಲ್ಲೇ ಬಿದ್ದಿರ್ತಿತ್ತು, ಸರಿಯಾಗಿ ಹೊರಗ ಬಂದ್ರಷ್ಟ ಅದು ಅಳಿಸಿ ಹೋಗತೈತಿ. ಇದನ್ನ ಯಾರೋ ಉಳಿಸಿ, ಸರಿಯಾಗಿ ಹೇಳೇ ಹೊರಗ ಬಂದಾರ."

ಗಾಬರಿಯಲ್ಲಿ ನನ್ನ ಬೆರಳು ಸರಿಯಾದ ಕೀಲಿಗಳನ್ನೇ ಒತ್ತಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ತೊಡಕು ಒಂದೇ. ಚಿಗವ್ವ ಆ ಮಾತು ಹೇಳುವಾಗ ನಾನು ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಿದ್ದೆ.