ಬೆವರಿದ ಫ್ರಿಜ್ಜು

ಲವೋನ್ ಟ್ವೆಟ್ ಅಂಗಡಿಯಿಂದ ಹ್ಯಾಲೋವೀನ್ ಹಬ್ಬದ ವೇಷ ಕೊಂಡು ತಂದದ್ದನ್ನು ಡಿಮೊಯ್ನ್ ಊರಿನಲ್ಲಿ ಕಂಡವರಿಲ್ಲ. ಅಂಗಡಿಯ ವೇಷ ಮನೆಯ ಹೊಸ್ತಿಲು ದಾಟುವ ಮೊದಲೇ ಹಿಂದುಗಡೆ ಬಿರಿದು ಮಾನ ಕಳೆಯುತ್ತದೆ ಎಂಬುದು ಅವಳ ವಾದ. ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯುಸ್ಸು ಸೌಟು ತಿರುಗಿಸಿದ ಹೆಂಗಸು. ಮಿಕ್ಕಿದ್ದರಲ್ಲಿ ಮತ್ತೊಂದು ಮಾಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಅವಳ ಮನೆಯ ಒಂದು ಬಿಳಿ ಹೊದಿಕೆ ಮೊದಲು ಭೂತವಾಗಿತ್ತು, ಆಮೇಲೆ ಮದುಮಗಳಾಯಿತು, ಹಿಮಕರಡಿಯಾಯಿತು, ಹಡಗಿನ ಹಾಯಿಯಾಯಿತು. ಅಷ್ಟು ಜನ್ಮ ಎತ್ತಿದ ಬಟ್ಟೆಗೆ ಬೇರೆಯವರ ಮನೆಯಲ್ಲಾಗಿದ್ದರೆ ಮೋಕ್ಷ ಸಿಗುತ್ತಿತ್ತು. ಲವೋನಳ ಮನೆಯಲ್ಲಿ ಅದು ಇನ್ನೂ ಕಾರು ಒರೆಸಿಕೊಂಡಿದೆ.

ಒಬ್ಬೊಬ್ಬರಿಗೆ ಒಂದೊಂದು ವೇಷ ಎಂಬ ಪದ್ಧತಿಯೂ ಅಲ್ಲಿಲ್ಲ. ಮನೆಮಂದಿಯೆಲ್ಲ ಸೇರಿ ಒಂದೇ ಸಂಗತಿ ಆಗಬೇಕು. ಗಂಡ ಆರ್ವಿಡ್‌ನ ಪಾಲಿಗೆ ಮಾತ್ರ ಯಾವ ವರ್ಷವೂ ಬಡ್ತಿ ಸಿಕ್ಕಿಲ್ಲ. ಹಸು ಮಾಡಿದ ವರ್ಷ ಅವನು ಹಿಂಗಾಲು, ರೈಲು ಮಾಡಿದ ವರ್ಷ ಕೊನೆಯ ಡಬ್ಬಿ, ತಿಮಿಂಗಿಲ ಮಾಡಿದ ವರ್ಷ ಬಾಲ. ಹೆಂಡತಿಯ ಬೆನ್ನು ನೋಡುತ್ತ ನೋಡುತ್ತಲೇ ಅವನು ಆ ಬೀದಿಯನ್ನೆಲ್ಲ ಸುತ್ತಿದ್ದಾನೆ.

ಆ ಊರಿನ ಮಕ್ಕಳು ಮನೆಮನೆಗೆ ಹೋಗುವುದು ಹ್ಯಾಲೋವೀನ್‌ನ ಹಿಂದಿನ ಸಂಜೆ. ಭಿಕ್ಷುಕರ ರಾತ್ರಿ ಎಂದು ಅದರ ಹೆಸರು. ಹೆಸರಿಗಷ್ಟೇ ಭಿಕ್ಷೆ, ಸುಮ್ಮನೆ ಚೀಲ ಚಾಚಿದರೆ ಯಾರೂ ಮಿಠಾಯಿ ಹಾಕುವುದಿಲ್ಲ. ಬಾಗಿಲಲ್ಲಿ ನಿಂತು ಒಂದು ಜೋಕು ಹೇಳಬೇಕು. ಜೋಕು ಎಷ್ಟು ಹಳಸಿದ್ದರೂ ಸರಿ, ಬಾಯಿಬಿಟ್ಟು ಹೇಳಬೇಕು.

ತೊಡಕಿದ್ದದ್ದು ಅಲ್ಲೇ. ಮಗಳು ಸೋಲ್ವೆಗ್‌ಳ ಕೂಸು ಇಂಗಾ ಮನೆಯೊಳಗೆ ರೇಡಿಯೋ, ಹೊರಗೆ ಬಂದರೆ ಕಲ್ಲು. ಹಿಂದಿನ ವರ್ಷ ಒಂದೊಂದು ಬಾಗಿಲಲ್ಲೂ ಅವಳ ದವಡೆ ಬೀಗ ಹಾಕಿಕೊಂಡಿತ್ತು. ಹೋಗಲಿ ಪಾಪ ಎಂದು ಜನ ಚೀಲಕ್ಕೆ ಮಿಠಾಯಿ ಹಾಕಿದರೆ, ಹುಡುಗಿ ಅದನ್ನು ಹೆಕ್ಕಿ ವಾಪಸು ಕೊಟ್ಟಳು. ಅಷ್ಟು ಸ್ವಾಭಿಮಾನ ದೊಡ್ಡವರಿಗಿದ್ದಿದ್ದರೆ ದೇಶದಲ್ಲಿ ಅರ್ಧ ಕುರ್ಚಿಗಳು ಖಾಲಿ ಇರುತ್ತಿದ್ದವು. ಚೀಲದಲ್ಲಿ ಗಾಳಿ ತುಂಬಿಕೊಂಡು ಮನೆಗೆ ಬಂದಿದ್ದ ಇಂಗಾ, ಈ ವರ್ಷ ಅಕ್ಟೋಬರ್ ಹುಟ್ಟುವ ಮೊದಲೇ ಘೋಷಿಸಿದಳು: "ನಾನ್ ಬರಲ್ಲ. ನೀವೇ ಹೋಗ್ಬನ್ನಿ."

"ಬಿಟ್ಬಿಡಮ್ಮ," ಎಂದಳು ಸೋಲ್ವೆಗ್. "ಒಂದು ವರ್ಷ ಮನೇಲಿದ್ರೆ ಏನ್ ಗಂಟು ಹೋಗತ್ತೆ?"

"ಒಂದು ವರ್ಷ ಅಂತ ಶುರುವಾಗತ್ತೆ ಕಣೇ. ನಿಮ್ಮಪ್ಪ ಒಂದು ವರ್ಷ ಡ್ಯಾನ್ಸಿಗೆ ಬರಲ್ಲ ಅಂದ. ನಲವತ್ತು ವರ್ಷ ಆಯ್ತು, ಇನ್ನೂ ಕೂತೇ ಇದಾನೆ."

"ಮೊಣಕಾಲು ನೋವು ಅಂದಿದ್ದೆ," ಎಂದ ಆರ್ವಿಡ್, ಪತ್ರಿಕೆಯ ಹಿಂದಿನಿಂದ.

"ಆ ಮೊಣಕಾಲು ಮೀನು ಹಿಡಿಯೋಕೆ ಹೋಗುವಾಗ ಜಿಂಕೆ ಥರ ಓಡತ್ತಲ್ಲ ಮಾರಾಯ!"

ಲವೋನ್ ನಗೆಯಾಡಿದಳು, ಆದರೆ ಅವಳ ಚಿಂತೆಯೇ ಬೇರೆ. ಶಾಲೆಯಲ್ಲಿ ಬಡಿಸುವವಳು ಅವಳೇ. ಮಧ್ಯಾಹ್ನದ ಸಾಲಿನಲ್ಲಿ ಇಂಗಾ ಸ್ವಂತ ಅಜ್ಜಿಯ ಮುಂದೆಯೂ ಬಟಾಣಿ ಬೇಕೆಂದು ಬಾಯಲ್ಲಿ ಕೇಳುವುದಿಲ್ಲ, ಬೆರಳು ತೋರಿಸುತ್ತಾಳೆ. ಹಿಂದೆ ನಿಂತ ಮಕ್ಕಳು ಕೇಳಿಸಿಕೊಂಡಾರು ಎಂಬ ಅಂಜಿಕೆ. ಆ ಬೆರಳು ಕಂಡಾಗಲೆಲ್ಲ ಅಜ್ಜಿಗೆ ಸೌಟು ಭಾರವಾಗುತ್ತಿತ್ತು.

ಪಾತ್ರೆಪಗಡಿಯ ಅಂಗಡಿಯ ಹಿತ್ತಲಲ್ಲಿ ಬಿಸಾಡಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ನೋಡಿದಾಗ ಅವಳಿಗೆ ದಾರಿ ಹೊಳೆಯಿತು. ಅದನ್ನು ಕಾರಿನ ತಲೆಗೆ ಕಟ್ಟಿಸಿ ಮನೆಗೆ ತಂದಳು.

"ಇಂಗಾ, ನೀನು ಫ್ರಿಜ್ಜು. ಮುಖದ ಹತ್ರ ಪುಟ್ಟ ಬಾಗಿಲು. ಒಳಗಡೆಯಿಂದ ದಾರ ಎಳೆದ್ರೆ ಮುಚ್ಚಿಕೊಳ್ಳತ್ತೆ. ಒಳಗೆ ನಿಂಗೆ ಬ್ಯಾಟರಿ ದೀಪ. ಯಾರೂ ನಿನ್ನ ನೋಡಲ್ಲ."

ಇಂಗಾ ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿದಳು. "ಬಾಗಿಲು ತೆಗಿ ಅಂತ ಯಾರಾದ್ರೂ ಅಂದ್ರೆ?"

"ತಣ್ಣಗಿರೋದು ಹೊರಗೆ ಹೋಗತ್ತೆ, ತೆಗೆಯಲ್ಲ ಅನ್ನು."

ಹುಡುಗಿ ಒಪ್ಪಿದಳು. ಜೋಕನ್ನೂ ಅವಳೇ ಕಟ್ಟಿದಳು, ಯಾರಿಗೂ ಹೇಳಲಿಲ್ಲ.

ಅಲ್ಲಿಗೆ ಇಡೀ ಸಂಸಾರ ಅಡುಗೆಮನೆಯಾಯಿತು. ಲವೋನ್ ಒಲೆ: ಹೊಟ್ಟೆಯ ಮೇಲೆ ಬರ್ನರುಗಳ ಹಾಗೆ ಕಪ್ಪು ಬಣ್ಣ ಬಳಿದ, ಪೈ ಕಡುಬು ಬೇಯಿಸುವ ತಗಡಿನ ತಟ್ಟೆಗಳು, ಸೊಂಟದ ಸುತ್ತ ಉಪ್ಪಿನಕಾಯಿ ಬಾಟಲಿಗಳ ಮುಚ್ಚಳದ ತಿರುಪುಗಳು. ಸೋಲ್ವೆಗ್ ಕಾಫಿ ಕೆಟಲು. ಅವಳಿಗೆ ಸುತ್ತಿದ ಅಲ್ಯೂಮಿನಿಯಂ ಹಾಳೆ ಎಷ್ಟೆಂದರೆ, ಮೇಲೆ ಹಾರುತ್ತಿದ್ದ ವಿಮಾನದವರು ಕಣ್ಣು ಮುಚ್ಚಿಕೊಂಡರಂತೆ. ಆರ್ವಿಡ್ ಯಥಾಪ್ರಕಾರ ಹಿಂದೆ ನಡೆಯುವ ಕಸದ ಬುಟ್ಟಿ.

"ಈ ಸಲನಾದ್ರೂ ಟೋಸ್ಟರ್ ಆಗ್ಲಾ?" ಎಂದು ಅವನು ಕೇಳಿದ.

"ಅನುಭವ ಇಲ್ಲದವರನ್ನ ಕಸಕ್ಕೆ ಹಾಕೋಕಾಗತ್ತಾ?" ಎಂದಳು ಹೆಂಡತಿ.

ಆ ಸೀಮೆಯಲ್ಲಿ ವೇಷವನ್ನು ಮೈಯ ಅಳತೆಗೆ ಯಾರೂ ಮಾಡುವುದಿಲ್ಲ. ಚಳಿಗಾಲದ ದಪ್ಪ ಕೋಟಿನ ಅಳತೆಗೆ ಮಾಡುತ್ತಾರೆ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಚಳಿಗೆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹೆಪ್ಪುಗಟ್ಟಿ ಕಾಲ ಮೇಲೆ ಬೀಳುತ್ತದೆ, ವಸಂತದಲ್ಲಿ ಕರಗಿದ ಮೇಲೆ ಕೇಳಿಸುತ್ತದೆ. ಲವೋನ್ ಸಹ ಇಂಗಾಳಿಗೆ ಕೋಟು ತೊಡಿಸಿ ನಿಲ್ಲಿಸಿಯೇ ಪೆಟ್ಟಿಗೆಯನ್ನು ಹೆಗಲಿಗೆ ತೂಗುಹಾಕುವ ಪಟ್ಟಿಗಳನ್ನು ಅಳೆದು ಹೊಲಿದಳು.

ಆದರೆ ಭಿಕ್ಷುಕರ ರಾತ್ರಿಯಂದು ಅಲ್ಲಿನ ಸುಡುಬೇಸಿಗೆಯ ಜುಲೈ ತಿಂಗಳು ದಾರಿ ತಪ್ಪಿ ವಾಪಸು ಬಂದಿತ್ತು. ಸಂಜೆಯೂ ಕಾದ ಬಾಣಲೆಯ ಹಾಗೆ ಸೆಕೆ. ಕೋಟು ತೆಗೆದರೆ ಪೆಟ್ಟಿಗೆ ಹೆಗಲಿಂದ ಜಾರಿ ನೆಲಕ್ಕೆ ಕೂರುತ್ತಿತ್ತು, ಹೆಜ್ಜೆ ಇಡುವಂತಿಲ್ಲ. ಪಟ್ಟಿ ಬಿಚ್ಚಿ ಹೊಲಿಯಲು ಹೊತ್ತಿಲ್ಲ.

"ಬೇಡ ಬಿಡು ಪುಟ್ಟಿ, ಬೆಂದುಹೋಗ್ತೀಯ," ಎಂದಳು ಲವೋನ್. ಇಷ್ಟು ದೂರ ತಂದು ತನ್ನ ಕೈಯಾರೆ ಕೆಡಿಸಿದೆನಲ್ಲ ಎಂದುಕೊಂಡು ಪೆಟ್ಟಿಗೆ ಕಳಚಲು ಕೈ ಹಾಕಿದಳು.

"ಕೋಟು ಹಾಕ್ಕೊತೀನಿ," ಎಂದಿತು ಪೆಟ್ಟಿಗೆ. "ಬಾಗಿಲು ಇರ್ಲಿ."

ಅವರು ಹತ್ತಿದ ಮೊದಲ ಮೆಟ್ಟಿಲು ಪಕ್ಕದ ಮನೆಯ ಹಾರ್ಲನ್ ಪ್ರುಯಿಟ್‌ನದು. ಆ ಮುದುಕ ನಕ್ಕದ್ದನ್ನು ಕಂಡೆವೆಂದು ಹೇಳಿದವರೆಲ್ಲ ತೀರಿಕೊಂಡಿದ್ದಾರೆ. ಅವನು ಬಾಗಿಲಿಗೆ ಬಂದರೆ ಹೂಕುಂಡದ ಗಿಡಗಳು ಬಾಡುತ್ತಿದ್ದವು. ಹಬ್ಬದ ಪದ್ಧತಿಯಂತೆ ಕುಂಬಳಕಾಯಿಗೆ ಮುಖ ಕೊರೆಯುವಾಗಲೂ ತನ್ನದೇ ಮುಖ ಕೊರೆದಿದ್ದ.

"ಏನಿದು, ಮನೆ ಖಾಲಿ ಮಾಡ್ತಿದೀರಾ?" ಎಂದ ಹಾರ್ಲನ್, ಒಲೆ, ಕೆಟಲು, ಕಸದ ಬುಟ್ಟಿಯನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತ. "ಸರಿ, ಜೋಕು ಯಾರ್ದು?"

ಲವೋನಳ ಹೊಟ್ಟೆಯ ಮೇಲಿನ ಪೈ ತಟ್ಟೆಗಳು ಟಣಟಣ ಎಂದವು. ಫ್ರಿಜ್ಜು ಮಾತಾಡುವುದಿಲ್ಲ ಎಂದೇ ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ರಟ್ಟಿನೊಳಗಿಂದ ಸಣ್ಣ ದನಿ ಬಂತು.

"ಬಾಗಿಲು ಹಾಕಿದ್ಮೇಲೆ ಫ್ರಿಜ್ಜೊಳಗಿನ ದೀಪ ಆರತ್ತಾ, ಇಲ್ವಾ?"

ಹಾರ್ಲನ್ ಗಲ್ಲ ಕೆರೆದುಕೊಂಡ. "ನಾನೂ ಹುಡುಗನಾಗಿದ್ದಾಗಿಂದ ಯೋಚ್ನೆ ಮಾಡ್ತಾನೇ ಇದೀನಿ. ಗೊತ್ತಿಲ್ಲ ಕಣಮ್ಮ. ಆರತ್ತಾ?"

ಸೋಲ್ವೆಗ್ ಅಮ್ಮನ ಕೈ ಹಿಡಿದುಕೊಂಡಳು. ಪೆಟ್ಟಿಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿತು. ಮರುಕ್ಷಣ ಪುಟ್ಟ ಬಾಗಿಲು ಧಡಕ್ಕನೆ ತೆರೆದು ಹಾರ್ಲನ್‌ನ ಮೂಗನ್ನು ಸವರಿತು. ಒಳಗೆ ಟೊಮ್ಯಾಟೋ ಹಣ್ಣಿನಂಥ ಮುಖ, ಹಣೆಯಿಂದ ಹೊಳೆ ಹರಿಯುವ ಬೆವರು, ಗಲ್ಲದ ಕೆಳಗೆ ಉರಿಯುವ ಬ್ಯಾಟರಿ.

"ಆರಲ್ಲ!" ಎಂದು ಇಂಗಾ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಒಳಗೆ ನಾನಿದೀನಲ್ಲ, ನೋಡ್ತಾನೇ ಇದೀನಿ! ಆದ್ರೆ ಈ ಫ್ರಿಜ್ಜು ಕೆಟ್ಟೋಗಿದೆ ಕಣ್ರೀ, ಸೆಕೆ ಸೆಕೆ!"

ಹಾರ್ಲನ್‌ನ ಎದೆಯೊಳಗೆ ತುಕ್ಕು ಹಿಡಿದ ಯಾವುದೋ ಯಂತ್ರ ಮೊದಲು ಕೆಮ್ಮಿತು, ಆಮೇಲೆ ಗೊರಗೊರ ಎಂದಿತು, ಆಮೇಲೆ ಹೊತ್ತಿಕೊಂಡಿತು. ಮುದುಕ ಬಾಗಿಲ ಚೌಕಟ್ಟು ಹಿಡಿದು ನಕ್ಕ. ನಕ್ಕ ರಭಸಕ್ಕೆ ಎದುರು ಮನೆಯ ಮೂರು ನಾಯಿಗಳು ಮಂಚದ ಕೆಳಗೆ ಸೇರಿದವು. "ರಿಪೇರಿಗೆ ಇದು," ಎಂದು ಚೀಲಕ್ಕೆ ಎರಡು ಹಿಡಿ ಮಿಠಾಯಿ ಸುರಿದ.

ಈ ಸಲ ಇಂಗಾ ಒಂದನ್ನೂ ವಾಪಸು ಕೊಡಲಿಲ್ಲ.

ಮೆಟ್ಟಿಲಿಳಿದ ಮೇಲೆ ಅವಳು ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಈ ಬಾಗಿಲು ಕಿತ್ತಾಕು. ಗಾಳಿ ಬರ್ಲಿ."

"ಎಲ್ರಿಗೂ ಕಾಣಿಸ್ತೀಯಲ್ಲೇ?"

"ಕಾಣಿಸ್ಲಿ. ಬೇಗ ಕೀಳು, ಮುಂದಿನ ಮನೇಲೂ ಹೇಳ್ಬೇಕು."

ಆ ಬಾಗಿಲಿನ ಕೀಲು ಕೂರಿಸಲು ಲವೋನ್ ಕಣ್ಣು ಹೋಗುವಷ್ಟು ಒದ್ದಾಡಿದ್ದಳು. ಈಗ ಒಂದೇ ಎಳೆತಕ್ಕೆ ಚರ್ರನೆ ಹರಿದಳು. ಆರ್ವಿಡ್ ಅಭ್ಯಾಸಬಲದಿಂದ ತನ್ನ ಬುಟ್ಟಿಯ ಮುಚ್ಚಳ ತೆರೆದು ಹಿಡಿದ.

"ಕಸಕ್ಕಲ್ಲ ಇದು," ಎಂದಳು ಲವೋನ್.

ಬೀದಿಯ ಕೊನೆಯ ಮನೆಯವರೆಗೂ ಒಂದು ಒಲೆ ಫ್ರಿಜ್ಜಿನ ಬಾಗಿಲನ್ನು ಕಂಕುಳಲ್ಲಿ ಅವಚಿಕೊಂಡು, ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಫ್ರಿಜ್ಜಿನ ಹಿಂದೆ ಏದುಸಿರು ಬಿಡುತ್ತ ನಡೆಯಿತು.