ಮಾವ ಮುಚ್ಚಿಟ್ಟ ಮಡು

ಸಮುದ್ರವನ್ನೇ ನೋಡದವಳಿಗೆ ಸಮುದ್ರದ ಕೆಲಸ ಸಿಕ್ಕಿತು ಅಂದರೆ ನಗಬೇಡಿ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹೊನ್ನೂರಿನ ಗದ್ದೆ, ಕಬ್ಬಿನ ಮಧ್ಯೆ ಬೆಳೆದು, ಕೊಳ್ಳೇಗಾಲದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಕೆಲಸವಿಲ್ಲದೆ ಅವ್ವನ ಕೈಲಿ ಬೈಸಿಕೊಳ್ಳುತ್ತಾ ಕೂತಿದ್ದೆ. ಅಷ್ಟರಲ್ಲಿ ಕಾವೇರಿಯ ಮೀನು ಉಳಿಸುತ್ತೇವೆ ಅಂತ ಒಂದು ಯೋಜನೆಯವರು ಬಂದು ಕೊಳ್ಳೇಗಾಲದಲ್ಲಿ ಎರಡು ರೂಮಿನ ಆಫೀಸು ತೆರೆದರು. ಮ್ಯಾಪು ಮಾಡೋಕೆ ಆಳು ಬೇಕಿತ್ತು. ನಾನು ಹೋದೆ.

ನಮ್ಮ ಸಾಹೇಬರು ಕರಾವಳಿಯವರು. ಸಮುದ್ರದಲ್ಲಿ ಮೀನಿಗೆ ರಕ್ಷಿತ ಜಾಗ ಗುರುತಿಸುವ ಕೆಲಸದಲ್ಲಿ ಪಳಗಿದವರು. ಅದೇ ಪ್ರೋಗ್ರಾಮನ್ನು ನಮ್ಮ ಹೊಳೆಗೂ ಹಾಕಿ ನೋಡೋಣ ಅಂತ ತಂದಿದ್ದರು. ಹೊಳೆಯ ಮ್ಯಾಪನ್ನು ಚಿಕ್ಕ ಚಿಕ್ಕ ಚೌಕ ಮಾಡುವುದು. ಎಲ್ಲಿ ನೀರು ಆಳ, ಎಲ್ಲಿ ಮೀನು ಮೊಟ್ಟೆ ಇಡುತ್ತೆ, ಎಲ್ಲಿ ಜನ ಬಲೆ ಬಿಡುತ್ತಾರೆ, ಎಲ್ಲವನ್ನೂ ಒಂದೊಂದು ಚೌಕಕ್ಕೂ ತುಂಬುವುದು. ಮೀನಿಗೆ ಹೆಚ್ಚು ಲಾಭ, ಜನಕ್ಕೆ ಕಮ್ಮಿ ತೊಂದರೆ ಆಗುವ ಚೌಕಗಳನ್ನು ಕಂಪ್ಯೂಟರೇ ಆರಿಸಿ ಹಸಿರು ಬಳಿಯುತ್ತೆ. ಹಸಿರು ಬಿದ್ದ ಕಡೆ ಆಮೇಲೆ ಯಾರೂ ಬಲೆ ಹಾಕುವಂತಿಲ್ಲ.

"ಒಂದೇ ದೊಡ್ಡ ಜಾಗ ಮಾಡಿದ್ರೆ ಆಗಲ್ವಾ ಸಾರ್?" ಅಂದೆ.

"ಹನೂರು ಬಸ್ಸು ಎಷ್ಟು ಕಡೆ ನಿಲ್ತದೆ ಮಾರಾಯ್ತಿ? ಮೀನಿಗೂ ಹಾಗೇ. ಅಲ್ಲಲ್ಲಿ ಸ್ಟಾಪು ಬೇಕು. ಒಂದರಿಂದ ಇನ್ನೊಂದಕ್ಕೆ ಹೋಗ್ಲಿಕ್ಕೆ ಆಗ್ಬೇಕು" ಅಂದರು.

ಅಬ್ಬಾ, ಇಷ್ಟೇನಾ! ಅವತ್ತಿನಿಂದ ನಾನು ಆಫೀಸಿನಲ್ಲಿ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಬಲೆ ಬಿಡುವವರನ್ನು ಕೇಳಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮುಳ್ಳೂರು ಕಡೆಯ ಹೊಳೆದಂಡೆಯ ಊರು ನನ್ನ ಅವ್ವನ ತವರು. ಅಲ್ಲಿ ಅವ್ವನ ತಮ್ಮ, ನನ್ನ ಮಾವ, ತೆಪ್ಪದಲ್ಲಿ ಹೋಗಿ ಮೀನು ಹಿಡಿಯುತ್ತಿದ್ದ. ಅತ್ತೆ ಅದನ್ನು ಕೊಳ್ಳೇಗಾಲಕ್ಕೆ ತಂದು ಮಾರುತ್ತಿದ್ದಳು. ಅವರ ಬದುಕು ಅಷ್ಟೇ. ಒಂದು ತೆಪ್ಪ, ಒಂದು ಬಲೆ, ಒಂದು ಮಡು.

ಆ ಮಡುವಿನ ಸಂಗತಿ ಹೇಳಲೇಬೇಕು. ಆಲದ ಮರ ಬಗ್ಗಿದ ಕಡೆ ನೀರು ಆಳವಾಗಿ ನಿಂತು, ಬಿಳಿಮೀನು ಕೊಬ್ಬಿ ಬೆಳೆಯುತ್ತಿದ್ದವು. ಅದು ಮಾವನಿಗೆ ಗೊತ್ತು, ಅವನ ತೆಪ್ಪದಲ್ಲಿ ಕೂತು ಹೋಗಿದ್ದರಿಂದ ನನಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಆ ದಂಡೆಯ ಜನರ ರೀತಿಯೇ ಹಾಗೆ. ಮೀನು ಎಲ್ಲಿ ಸಿಕ್ಕಿತು ಅಂತ ಯಾರೂ ಯಾರನ್ನೂ ಕೇಳಬಾರದು. ಕೇಳಿದರೆ ನಿಜ ಹೇಳಬಾರದು. "ಎಮ್ಮೆ ತೊಳ್ಯೋ ತಾವು" ಅಂದುಬಿಡಬೇಕು. ಅಲ್ಲಿ ಎಮ್ಮೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ ಅಂತ ಕೇಳಿದವರಿಗೂ ಗೊತ್ತು.

ನಾನು ಮ್ಯಾಪು ಹಾಸಿ ಕೂತೆ. ಒಬ್ಬೊಬ್ಬರೂ ಬಂದು ಬೆರಳಿಟ್ಟರು. ಎಲ್ಲರದ್ದೂ ಎಮ್ಮೆ ತೊಳೆಯುವ ಜಾಗವೇ! ಕೊನೆಗೆ ಮಾವ ಬಂದ. ನನ್ನ ಮುಖವನ್ನೇ ನೋಡುತ್ತಾ ಅಲ್ಲೇ ಬೆರಳಿಟ್ಟು, "ಬರ್ಕೊ ಕಣವ್ವ" ಅಂದ.

ಸುಳ್ಳು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬರೆದುಕೊಂಡೆ. ಮಾವನ ಗುಟ್ಟು ಕಾಪಾಡಿದೆ ಅಂತ ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಳಗೊಳಗೇ ಖುಷಿ ಬೇರೆ. ನನ್ನಂಥ ಪೆದ್ದಿ ಮೂರು ತಾಲ್ಲೂಕು ಹುಡುಕಿದರೂ ಸಿಗುತ್ತಿರಲಿಲ್ಲ.

ಕಂಪ್ಯೂಟರ್ ಇಡೀ ದಿನ ಗುಂಯ್ ಅಂತು. ಸಂಜೆಗೆ ಮ್ಯಾಪು ಬಂತು. ಎಮ್ಮೆ ತೊಳೆಯುವ ಜಾಗ ಕೆಂಪೋ ಕೆಂಪು, ಹೊಳೆಯ ಮೀನುಗಾರರೆಲ್ಲ ಅಲ್ಲೇ ಬಿಡಾರ ಹೂಡಿದ್ದಾರೇನೋ ಅನ್ನುವ ಹಾಗೆ. ಮೀನೂ ಉಂಟು, ಬಲೆ ಬಿಡುವವರೂ ಇಲ್ಲ ಅಂತ ಆಲದ ಮಡುವನ್ನು ಅದು ಮೊದಲು ಆರಿಸಿತ್ತು. ಮಾವನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ.

ಮಾವನ ಊರಿನ ಶಾಲೆಯಲ್ಲಿ ಸಭೆ ಸೇರಿತು. ಸಾಹೇಬರು ಮ್ಯಾಪು ಅಂಟಿಸಿ, "ಈ ಹಸಿರು ಜಾಗಗಳಲ್ಲಿ ಯಾರಿಗಾದರೂ ತೊಂದರೆ ಉಂಟಾ?" ಅಂತ ಕೇಳಿದರು. ಎಲ್ಲರ ಮುಖವೂ ಇಂಗು ತಿಂದ ಮಂಗನ ಹಾಗಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಪಕ್ಕದವನಿಗೆ ತನ್ನ ಮಡು ಗೊತ್ತಾಗಿಬಿಡುತ್ತಲ್ಲ! ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸಾರ್, ನಾನು ತುಂಬಿದ್ರಲ್ಲಿ ಸುಳ್ಳಿದೆ. ಗೊತ್ತಿದ್ದೂ ಬರೆದೆ" ಅಂದೆ.

ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಯಾರದು, ಎಲ್ಲಿಯದು ಅಂತ ಕೇಳಿದರು. ಆಗ ಮಾವ ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು, ಗೋಡೆಯ ಹತ್ತಿರ ಹೋಗಿ, ಆಲದ ಮಡುವಿನ ಮೇಲೆ ಬೆರಳಿಟ್ಟ. "ಇದು ನಮ್ದು ಸಾ. ಕೂಸ್ನ ಏನೂ ಅನ್ಬೇಡಿ. ಸುಳ್ ಯೋಳ್ದೋನು ನಾನು."

"ಲೇ ಕಳ್ಳಾ, ಅಲ್ಲಿಗಾ ಓಗ್ತಿದ್ದೆ?" ಅಂತ ಹಿಂದಿನಿಂದ ಯಾರೋ ಕೂಗಿದರು. ಇಡೀ ಶಾಲೆ ನಕ್ಕಿತು. ನಕ್ಕವರೂ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಡು ತೋರಿಸಿದರು. ಸಾಹೇಬರು ತಲೆ ಚಚ್ಚಿಕೊಂಡು ಎಲ್ಲ ಹೊಸದಾಗಿ ತುಂಬಿಸಿದರು. ಹೊಸ ಮ್ಯಾಪಿನಲ್ಲಿ ಆಲದ ಮಡು ಹಸಿರಿನಿಂದ ಹೊರಗೆ ಬಂತು. ನಾನು ಗೆದ್ದೆ ಅಂದುಕೊಂಡು ಸಾಹೇಬರಿಗೂ ಪೇಟೆಯಿಂದ ಮೈಸೂರುಪಾಕು ತಂದುಕೊಟ್ಟೆ.

ಹದಿನೈದು ದಿನಕ್ಕೆ ಮಾವ ಆಫೀಸಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ.

"ಆ ಮಡುವ ಹಸ್ರು ಮಾಡ್ಬುಡವ್ವ" ಅಂದ.

"ಯಾಕ್ ಮಾವ?"

"ದಿನಾ ಏಳೆಂಟು ತೆಪ್ಪ ಬತ್ತವೆ. ಮರಿನೂ ಬುಡಕ್ಕಿಲ್ಲ, ಬಳ್ಕಂಡು ಓಯ್ತಾವ್ರೆ. ನಂಗಂತೂ ಇಲ್ಲ, ಮೀನ್ಗಾದ್ರೂ ಇರ್ಲಿ."

ನನಗೆ ಅಳು ಬಂದುಬಿಟ್ಟಿತು. ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ಮಡು ಹೋಗುತ್ತಿತ್ತು, ಬಾಯಿ ಬಿಟ್ಟಿದ್ದಕ್ಕೂ ಹೋಯಿತು. ಬಾಯಿ ಬಿಡಿಸಿದವಳು ನಾನು. "ತಪ್ಪಾಯ್ತು ಮಾವ" ಅಂದೆ. "ಥೂ, ಅಳ್ಬ್ಯಾಡ ಕಣವ್ವ, ಸುಮ್ಕಿರು. ಎಲ್ಲಿ ಒತ್ಬೇಕು, ತೋರ್ಸು" ಅಂದು, ಮೀನಿನ ವಾಸನೆಯ ಕೈಯಿಂದ ತಾನೇ ಮೌಸು ಹಿಡಿದ. ನಾನು ಅವನ ಕೈ ಮೇಲೆ ಕೈಯಿಟ್ಟೆ. ಚೌಕ ಹಸಿರಾಯಿತು.

ಸಾಹೇಬರು ಒಪ್ಪಿದರು. ಆದರೆ ನನ್ನ ಫಾರಮ್ಮಿನಲ್ಲಿ ಒಂದು ಕಾಲಮ್ಮು ಖಾಲಿ ಉಳಿದಿತ್ತು.

"ಇನ್ಮೇಲೆ ಬಲೆ ಎಲ್ಲಿ ಬಿಡ್ತೀಯ ಮಾವ? ಬರೀಬೇಕು."

ಮಾವ ಮ್ಯಾಪಿನ ಕಡೆ ಬಗ್ಗಿದ. ಮೊದಲ ಸಲ ಬೆರಳಿಟ್ಟ ಕಡೆಯೇ ಮತ್ತೆ ಬೆರಳಿಟ್ಟು, "ಬರ್ಕೊ ಕಣವ್ವ" ಅಂದ. ಬರೆದುಕೊಂಡೆ.

ಮುಂದಿನ ಭಾನುವಾರ ಅವ್ವನ ಜೊತೆ ಹೊಳೆದಂಡೆಗೆ ಹೋದೆ. ಎಮ್ಮೆಗಳ ನಡುವೆ ಮಾವನ ತೆಪ್ಪ ನಿಂತಿತ್ತು.